ಸೆರಗು ಸರಿ ಮಾಡ್ಕೊತೀನಿ, ತಡಿ

ನಮ್ಮಜ್ಜಿ ತೀರಿಕೊಂಡ ಮೂರನೇ ದಿನ ಮನೆಯಲ್ಲಿ ಫೋಟೋ ಹುಡುಕಾಟ ಶುರುವಾಯಿತು. ತಿಥಿ ಕಾರ್ಡಿಗೆ ಒಂದು ಬೇಕು, ಬಾಗಿಲ ಮುಂದೆ ಕಟ್ಟುವ ಫ್ಲೆಕ್ಸಿಗೆ ಒಂದು ಬೇಕು, ಆಮೇಲೆ ಗೋಡೆಗೂ ಒಂದು ಬೇಕು. ಅಟ್ಟದ ಮೇಲಿದ್ದ ಮದುವೆ ಆಲ್ಬಮ್ಮುಗಳನ್ನೆಲ್ಲ ಇಳಿಸಿ ನೋಡಿದೆವು. ಅಜ್ಜಿ ಎಲ್ಲದರಲ್ಲೂ ಇದ್ದಳು, ಯಾವುದರಲ್ಲೂ ಪೂರ್ತಿ ಇರಲಿಲ್ಲ. ಒಂದರಲ್ಲಿ ಅರ್ಧ ಮುಖ. ಒಂದರಲ್ಲಿ ಧಾರೆ ಎರೆಯುವವರ ಸಂದಿಯಲ್ಲಿ ಬರೀ ಬಳೆಗೈ. ಇನ್ನೊಂದರಲ್ಲಿ ಪಂಕ್ತಿಯ ಕೊನೆಗೆ ಕೂತು ಬಗ್ಗಿ ಎಲೆ ನೋಡುತ್ತಿದ್ದಾಳೆ. ಅವಳು ನೇರವಾಗಿ ನೋಡಿದ ಫೋಟೋ ಒಂದೇ ಒಂದು ಸಿಕ್ಕಿತು. ಅದು ಆಧಾರ್ ಕಾರ್ಡಿನದು.

ಆ ಫೋಟೋ ತೆಗೆಸಿದ ದಿನ ನಾನು ಜೊತೆಗಿದ್ದೆ. ಬೆಳಗ್ಗೆಯಿಂದ ಸಾಲಿನಲ್ಲಿ ನಿಂತು ಸರದಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಜ್ಜಿ ಸ್ಟೂಲಿನ ಮೇಲೆ ಕೂತಳು. ತಲೆ ಮೇಲಿನ ಸೆರಗು ತೆಗೀರಿ ಅಂದರು, ತೆಗೆದಳು. ಬಿಸಿಲಲ್ಲಿ ನಿಂತು ಕೂದಲು ಕೆದರಿತ್ತು. ‘ಸೆರಗು ಸರಿ ಮಾಡ್ಕೊತೀನಿ, ತಡಿಯಪ್ಪ’ ಅನ್ನುತ್ತ ಕೈ ಎತ್ತಿದಳು. ಕೈ ಭುಜಕ್ಕೆ ಬರುವಷ್ಟರಲ್ಲಿ ಫೋಟೋ ಆಗಿಹೋಗಿತ್ತು. ಮುಂದಿನವರು ಬರ್ರಿ ಅಂದರು.

ಬಾಯಿ ಅರ್ಧ ತೆರೆದ, ಕಣ್ಣಲ್ಲಿ ಗಾಬರಿ ತುಂಬಿದ ಆ ಮುಖವನ್ನೇ ಸ್ಟುಡಿಯೋದವರು ದೊಡ್ಡದು ಮಾಡಿಕೊಟ್ಟರು. ಚೆನ್ನಾಗಿ ಕಾಣಲಿ ಅಂತ ಅವರೇ ಕಂಪ್ಯೂಟರಿನಲ್ಲಿ ಒಂದು ನೀಲಿ ಸೀರೆ ಉಡಿಸಿದ್ದರು. ಕೊರಳಿಗೆ ಸರ ಹಾಕಿ, ಬಣ್ಣ ತಿಳಿ ಮಾಡಿ, ಮುಖದ ನೆರಿಗೆಗಳನ್ನೆಲ್ಲ ಅಳಿಸಿದ್ದರು. ಆ ನೀಲಿ ಸೀರೆ ಯಾರದೋ. ಅಜ್ಜಿಯ ಟ್ರಂಕಿನ ತಳದಲ್ಲಿ ನುಸಿಗುಳಿಗೆ ಹಾಕಿಟ್ಟ ಒಂದು ಮೊಳಕಾಲ್ಮೂರು ಸೀರೆಯಿತ್ತು, ಕೆಂಪು ಅಂಚಿನದು. ಮೊಳಕಾಲ್ಮೂರು ನಮ್ಮ ಚಿತ್ರದುರ್ಗ ಜಿಲ್ಲೆಯದೇ, ಆ ಸೀರೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ನಾಲ್ಕು ಜನರೆದುರು ನಿಲ್ಲುವ ದಿನ ಅಂತ ಬಂದರೆ ಅವಳು ಉಡುತ್ತಿದ್ದುದು ಅದೊಂದನ್ನೇ. ಆ ಸೀರೆಯನ್ನು ಅವಳಿಗೇ ಹೊದಿಸಿ ಮಣ್ಣಿಗೆ ಕಳಿಸಿಯಾಗಿತ್ತು. ಅವಳು ಕಾಣಬೇಕೆಂದುಕೊಂಡ ಸೀರೆ ಮಣ್ಣೊಳಗೆ ಹೋಯಿತು, ಅವಳು ಕಂಡೇ ಇರದ ಸೀರೆ ಗೋಡೆಗೆ ಬಂತು. ಯಲ್ಲದಕೆರೆಯ ನಮ್ಮ ಮನೆಗೆ ಹೋದಾಗಲೆಲ್ಲ ಆ ಫೋಟೋದ ಕೆಳಗೆ ಕೂತು ಊಟ ಮಾಡುತ್ತೇನೆ. ತಲೆಯೆತ್ತಿ ನೋಡಲು ಮಾತ್ರ ಇವತ್ತಿಗೂ ಆಗಿಲ್ಲ.

ವಯಸ್ಸಾದವರು ಬೇರೆಯವರ ಕಣ್ಣಿಗೆ ಹೇಗೆ ಕಾಣಲು ಬಯಸುತ್ತಾರೆ ಎಂಬುದನ್ನು ನಾನು ಗಮನಿಸತೊಡಗಿದ್ದು ಅಲ್ಲಿಂದ. ಚಿಕ್ಕವರಾಗಿ ಕಾಣುವ ಆಸೆ ಅವರಿಗಿರುತ್ತದೆ ಅಂತ ಪೇಟೆಯ ಜಾಹೀರಾತುಗಳು ಹೇಳುತ್ತವೆ. ನಮ್ಮೂರಲ್ಲಿ ಅಂಥ ಆಸೆಯನ್ನು ನಾನು ಹೆಚ್ಚು ಕಂಡಿಲ್ಲ. ಬಿಳಿ ಕೂದಲಿಗೆ ಅಲ್ಲಿ ಯಾರೂ ನಾಚುವುದಿಲ್ಲ, ನಾಚುವುದು ಕೆದರಿದ ಕೂದಲಿಗೆ. ನೆರಿಗೆಯ ಚಿಂತೆಯಿಲ್ಲ, ಮಾಸಿದ ಅಂಗಿಯದೇ ಚಿಂತೆ. ‘ನೋಡಿದೋರು ಏನಂದಾರು, ಮಕ್ಕಳು ಸರಿಯಾಗಿ ನೋಡ್ಕಳ್ಳಲ್ಲ ಅಂದಾರು’ ಎಂಬ ಮಾತನ್ನು ಎಷ್ಟು ಬಾಯಲ್ಲಿ ಕೇಳಿದ್ದೇನೋ. ತಮ್ಮ ಬಟ್ಟೆಯ ಮೇಲೆ ಮಕ್ಕಳ ಮರ್ಯಾದೆಯೂ ನಿಂತಿದೆ ಎಂದು ಅವರು ತಿಳಿದಿದ್ದಾರೆ. ಹರಿದ ಬನಿಯನ್ನಿನಲ್ಲಿ ಜಗಲಿ ಮೇಲೆ ಕೂತ ತಾತ, ನೆಂಟರ ಕಾರಿನ ಸದ್ದು ಕೇಳಿದ ತಕ್ಷಣ ಒಳಗೆ ಹೋಗಿ ಬಿಳಿ ಅಂಗಿ ಹಾಕಿಕೊಂಡು ಬರುವುದು ಮಗನ ಮರ್ಯಾದೆ ಕಾಯುವುದಕ್ಕೆ.

ಹಿರಿಯೂರಿನಿಂದ ಹುಳಿಯಾರಿನ ಕಡೆ ಹೋಗುವ ದಾರಿಯ ಊರು ನಮ್ಮದು. ಬೆಳಗಿನ ಬಸ್ಸಿಗೆ ಕಾಯುವವರನ್ನು ನೋಡಿದರೆ ಬಟ್ಟೆಯ ಭಾಷೆ ಗೊತ್ತಾಗುತ್ತದೆ. ಗಂಡಸರದು ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೊಂದು ಟವಲ್ಲು. ಚಿತ್ರದುರ್ಗದ ಹಿರಿಯರೆಂದರೆ ಎಲ್ಲರ ಮನಸ್ಸಿಗೂ ಮೊದಲು ಬರುವ ಮಾಜಿ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು 2000ದಲ್ಲಿ, 97ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬಿಳಿ ಖಾದಿಯ ಚಿತ್ರ ಈ ಸೀಮೆಯ ಗಂಡಸರ ಕಣ್ಣಲ್ಲಿ ಎಲ್ಲೋ ಕೂತಿರಬೇಕು ಅಂತ ನನಗೆ ಅನ್ನಿಸುತ್ತದೆ. ಕೆಮ್ಮಣ್ಣಿನ ಊರಲ್ಲಿ ಬಿಳಿ ಬಟ್ಟೆ ಕಾಪಾಡಿಕೊಳ್ಳುವುದು ಸಣ್ಣ ಕೆಲಸವಲ್ಲ. ಹೊಲದಲ್ಲಿ ಯಾವ ಬಣ್ಣವಾದರೂ ನಡೆದೀತು, ಹಿರಿಯೂರಿಗೆ ಹೊರಟರೆ ಬಿಳಿಯೇ ಆಗಬೇಕು.

ಕೈಯಲ್ಲಿ ಛತ್ರಿ. ಮಳೆ ಕಮ್ಮಿಯ ಈ ನಾಡಿನಲ್ಲಿ ವರ್ಷಪೂರ್ತಿ ಛತ್ರಿ ಯಾಕೆ ಅಂತ ಚಿಕ್ಕವಳಿದ್ದಾಗ ನಾನು ಕೇಳುತ್ತಿದ್ದೆ. ಈಗ ಅರ್ಥವಾಗುತ್ತದೆ. ಕೋಲು ಹಿಡಿದರೆ ಊರಿಗೆಲ್ಲ ಮಂಡಿ ನೋವು ತಿಳಿಯುತ್ತದೆ, ಛತ್ರಿ ಊರಿದರೆ ಬಿಸಿಲು ಅಂದುಕೊಳ್ಳುತ್ತಾರೆ. ಹಲ್ಲು ಹೋದವರು ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಳ್ಳುವುದು ಒಳಮನೆಯಲ್ಲಿ. ಕಟ್ಟೆಯ ಮೇಲೆ ಮಾತ್ರ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಎದುರಿಗಿದ್ದವರಿಗೆ ಮೊದಲು ಕೊಡುತ್ತಾರೆ. ಆ ಸಂಚಿಯ ಅರೆಗಳಲ್ಲಿ ಏನೇನಿದೆ ಅನ್ನುವುದಕ್ಕಿಂತ, ಸಂಚಿ ತಮ್ಮ ಕೈಯಲ್ಲಿದೆ, ಕೊಡುವವರು ತಾವು ಅನ್ನುವುದು ದೊಡ್ಡದು. ವಯಸ್ಸಾದವರಿಗೆ ಬೇಕಾಗಿರುವುದು ಈ ಕೊಡುವ ಕೈಯ ಚಿತ್ರ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ತೆಗೆದುಕೊಳ್ಳುವ ಕೈಯಾಗಿ ಕಾಣುವುದೇ ಅವರಿಗಾಗುವ ನೋವು.

ಕಂಬಳಿಯ ಮಾತೂ ಇಲ್ಲಿ ಬರಬೇಕು. ಚಳ್ಳಕೆರೆಯ ಕಂಬಳಿ ಹೆಸರುವಾಸಿಯಾದದ್ದು. ಕುರುಬರ, ಕಾಡುಗೊಲ್ಲರ ಹಿರಿಯರ ಹೆಗಲ ಮೇಲೆ ಅದು ಇರುವ ರೀತಿಯನ್ನು ನೋಡಬೇಕು. ಚಳಿಗೆ ಹೊದೆಯುವುದು ಅದರ ಒಂದು ಉಪಯೋಗ ಅಷ್ಟೆ. ದೇವರ ಕಾರ್ಯದಲ್ಲಿ ಗದ್ದುಗೆಯಾಗಿ ಹಾಸುವುದು ಇದೇ ಕರಿಕಂಬಳಿಯನ್ನು. ಪ್ಲಾಸ್ಟಿಕ್ ಕುರ್ಚಿ ಹಾಕಿದರೂ ಅದರ ಮೇಲೆ ಕಂಬಳಿ ಮಡಿಸಿ ಹಾಸಿಕೊಂಡೇ ಕೂರುವ ಯಜಮಾನರನ್ನು ನಾನು ನೋಡಿದ್ದೇನೆ. ಕೂತದ್ದು ಯಾರದೋ ಕುರ್ಚಿಯಾದರೂ ಜಾಗ ತಮ್ಮದಾಗುತ್ತದೆ.

ಹೆಂಗಸರಲ್ಲಿ ಕಾಣಿಸಿಕೊಳ್ಳುವ ಬಗೆಯೇ ಬೇರೆ. ಎಂಬತ್ತು ದಾಟಿದವರ ಕೈ ತುಂಬ ಹಚ್ಚೆಯಿದೆ. ಕೊರವಂಜಿಯರ ಮುಂದೆ ಕೂತು, ಹಲ್ಲು ಕಚ್ಚಿ ಹಾಕಿಸಿಕೊಂಡ ಚುಕ್ಕಿ, ಚೇಳು, ತೊಟ್ಟಿಲು. ಒಡವೆ ಸೊಸೆಗೆ, ಸೀರೆ ಮಗಳಿಗೆ, ಹಚ್ಚೆ ಮಾತ್ರ ತನ್ನ ಸಂಗಡ ಬರುತ್ತದೆ ಅನ್ನುವುದು ಅವರ ನಂಬಿಕೆ. ಭಾರದ ಓಲೆ ಹಾಕಿ ಹಾಕಿ ಜೋತುಬಿದ್ದ ಕಿವಿ ಈಗ ಬರಿದಾಗಿರುತ್ತದೆ. ಆ ಓಲೆ ಯಾವ ವರ್ಷ ಬ್ಯಾಂಕಿಗೆ ಹೋಯಿತು, ಯಾವ ಬೋರ್‌ವೆಲ್ಲಿಗೆ ಹೋಯಿತು ಅಂತ ಕೇಳಿದರೆ ಹೇಳುತ್ತಾರೆ. ಫೋಟೋಕ್ಕೆ ನಿಲ್ಲಿಸಿದರೆ ಮಾತ್ರ ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಾರೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಅದರಿಂದ ಖರ್ಚು ಉಳಿದದ್ದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಕಂಡದ್ದು ಟ್ರಂಕುಗಳು ತೆರೆದದ್ದನ್ನು. ಮದುವೆ ಮುಂಜಿಗೆ ಮಾತ್ರ ಹೊರಬರುತ್ತಿದ್ದ ಸೀರೆಗಳು ಧರ್ಮಸ್ಥಳಕ್ಕೆ, ಮೈಲಾರಕ್ಕೆ, ಸುಮ್ಮನೆ ಮಗಳ ಮನೆಗೆ ಹೊರಟವು. ವಾಣಿವಿಲಾಸ ಸಾಗರಕ್ಕೂ ಹೊರಟವು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿ 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷ. ‘ನಮ್ಮಪ್ಪ ಕೋಡಿ ನೋಡಿದ್ನಂತೆ’ ಎನ್ನುತ್ತಲೇ ಮುದುಕರಾದವರು ಹಿರಿಯೂರು ತಾಲ್ಲೂಕಿನಲ್ಲಿ ಎಷ್ಟೋ ಜನ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ನಮ್ಮ ಬೀದಿಯ ಅಜ್ಜಿಯರು ನಾಲ್ಕು ಜನ ಹಿರಿಯೂರಿನಲ್ಲಿ ಬಸ್ಸು ಬದಲಿಸಿಕೊಂಡು ಹೋಗಿಬಂದರು. ಮೊಮ್ಮಗನೊಬ್ಬ ತೆಗೆದ ಫೋಟೋ ನೋಡಿದೆ. ನೀರಿನ ಕಡೆ ಯಾರೂ ನೋಡುತ್ತಿಲ್ಲ. ನಾಲ್ವರೂ ಸೆರಗು ಬಿಗಿದು, ಮೊಬೈಲಿನ ಕಡೆ ನೆಟ್ಟಗೆ ನಿಂತಿದ್ದಾರೆ. ‘ನಾವೂ ನೋಡಿದ್ವಿ ಅಂತ ಗೊತ್ತಾಗ್ಬೇಕಲ್ಲ ಮಗ’ ಅಂದರು ಒಬ್ಬರು. ತಂದೆ ನೋಡಿದ ಕೋಡಿಗೆ ಬಾಯಿಮಾತಿನ ಸಾಕ್ಷಿಯಿತ್ತು. ತನ್ನದಕ್ಕೆ ಇನ್ನೂ ಗಟ್ಟಿಯಾದುದೊಂದು ಬೇಕಿತ್ತು.

ಇಷ್ಟೆಲ್ಲ ಅವರು ತಾವಾಗಿ ಕಾಣಿಸಿಕೊಳ್ಳುವ ಮಾತಾಯಿತು. ತಾವಲ್ಲದವರಂತೆ ಕಾಣಬೇಕಾದ ಜಾಗಗಳೂ ಇವೆ. ನನ್ನ ಸಂಕಟ ಇರುವುದು ಅಲ್ಲಿ.

ಸಂಧ್ಯಾ ಸುರಕ್ಷಾ ಯೋಜನೆ ನಮ್ಮ ರಾಜ್ಯದಲ್ಲಿ ಶುರುವಾದದ್ದು 2007ರಲ್ಲಿ. 65 ದಾಟಿದ ಬಡವರಿಗೆ ತಿಂಗಳಿಗೆ 400 ರೂಪಾಯಿಯಿಂದ ಆರಂಭವಾಗಿ 1,200 ರೂಪಾಯಿಗೆ ಬಂದಿದೆ. ಕೇಂದ್ರದ ವೃದ್ಧಾಪ್ಯ ವೇತನದ ಪಾಲು 79ರವರೆಗಿನವರಿಗೆ 200 ರೂಪಾಯಿ, 80 ದಾಟಿದರೆ 500. ಈ ದುಡ್ಡಿಗೆ ಅರ್ಜಿ ಹಾಕುವ ಕಾಲದಲ್ಲಿ ಹುಟ್ಟಿದ ದಿನದ ದಾಖಲೆ ಎಷ್ಟೋ ಜನರ ಹತ್ತಿರ ಇರಲಿಲ್ಲ. ವಯಸ್ಸಿನ ಸರ್ಟಿಫಿಕೇಟಿಗೆ ಡಾಕ್ಟರ ಮುಂದೆ ನಿಲ್ಲಬೇಕಿತ್ತು. ಅಂದರೆ ವಯಸ್ಸಾದಂತೆ ಕಾಣಬೇಕಿತ್ತು. ನಮ್ಮ ಕಡೆಯ ಒಬ್ಬ ಯಜಮಾನರು ಮಗಳ ಮದುವೆಗೆಂದು ಕೂದಲಿಗೆ ಬಣ್ಣ ಹಚ್ಚಿಸಿದ್ದರು. ಅದರ ಮರುವಾರವೇ ಆಫೀಸಿನಿಂದ ಕರೆ ಬಂತು. ತಲೆಗೆ ಟವಲ್ಲು ಸುತ್ತಿ, ಎರಡು ದಿನದ ಗಡ್ಡ ಬಿಟ್ಟು, ಮಾಸಿದ ಪಂಚೆ ಉಟ್ಟು ಹೋದರು. ಆಯುಷ್ಯಪೂರ್ತಿ ಬಿಳಿ ಪಂಚೆಯಲ್ಲದೆ ಹಿರಿಯೂರಿಗೆ ಕಾಲಿಡದವರು. ಪಿಂಚಣಿ ಆಯಿತು. ‘ದುಡ್ಡು ಬತ್ತೈತೆ ಕಣವ್ವ, ಆದ್ರೆ ಅವತ್ತು ದಾರೀಲಿ ನೆಂಟ್ರು ಸಿಕ್ಕಿದ್ರು’ ಅಂದರು ನನ್ನ ಹತ್ತಿರ. ಹತ್ತು ವರ್ಷದ ಹಿಂದಿನ ಮಾತು, ಅವರಿನ್ನೂ ಅದನ್ನು ಮರೆತಿಲ್ಲ.

ಅದೇ ಮನುಷ್ಯ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದರೆ ತಿರುಗಾ ಮುರುಗಾ. ಅಲ್ಲಿ ಗಟ್ಟಿಯಾಗಿ ಕಾಣಬೇಕು. 2023ರ ಜನವರಿಯಿಂದ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೋ ಹಾಜರಿ ಕಡ್ಡಾಯವಾಯಿತು. ಕೆಲಸದ ಗುಂಪಿನ ಮೇಲ್ವಿಚಾರಕರಾದ ಕಾಯಕ ಬಂಧು ಮೊಬೈಲು ಹಿಡಿದಾಗ ವಯಸ್ಸಾದವರು ಗುದ್ದಲಿ ಎತ್ತಿ, ಎದೆ ಸೆಟೆಸಿ ನಿಲ್ಲುತ್ತಾರೆ. ‘ಈ ಮುದುಕಪ್ಪನ ಕೈಲಿ ಏನಾದೀತು’ ಅಂತ ಜೊತೆಯವರು ಅಂದುಕೊಂಡರೆ ಮುಂದಿನ ಗುಂಪಿಗೆ ಕರೆಯುವುದಿಲ್ಲವಲ್ಲ. ಇನ್ನು ಬೆರಳು. ಕಡಲೆಕಾಯಿ ಕಿತ್ತು, ಈರುಳ್ಳಿ ಬಿಡಿಸಿ, ಕಲ್ಲು ಹೊತ್ತ ಬೆರಳಿನ ಗೆರೆಗಳು ಸವೆದಿರುತ್ತವೆ. ದುಡ್ಡು ತೆಗೆಯಲು ಹೋದರೆ ಹೆಬ್ಬೆಟ್ಟಿನ ಮಿಷನ್ನು ಒಪ್ಪುವುದಿಲ್ಲ. ಒರೆಸಿ ಇಡಜ್ಜಿ, ಒತ್ತಿ ಇಡಜ್ಜಿ ಅನ್ನುತ್ತಾರೆ. ದುಡಿದದ್ದಕ್ಕೇ ಸವೆದ ಬೆರಳಿನವಳು ತನ್ನದೇ ತಪ್ಪೇನೋ ಅನ್ನುವಂತೆ ಸೆರಗಿಗೆ ಉಜ್ಜಿ ಉಜ್ಜಿ ಇಡುತ್ತಾಳೆ.

ಸರ್ಕಾರಿ ಪಿಂಚಣಿಯ ಮೇಷ್ಟ್ರಿಗೂ ಇದು ತಪ್ಪಿದ್ದಲ್ಲ. ಜೀವಂತ ಇದ್ದೇನೆ ಅನ್ನುವ ಪ್ರಮಾಣಪತ್ರ ಪ್ರತಿ ವರ್ಷ ಬೇಕು. ಅದನ್ನು 2014ರ ನವೆಂಬರಿನಲ್ಲಿ ಡಿಜಿಟಲ್ ಮಾಡಿದರು, 2021ರಲ್ಲಿ ಮುಖ ತೋರಿಸಿದರೆ ಸಾಕು ಎಂದಾಯಿತು. ಸೌಕರ್ಯ ನಿಜ, ಹಾಸಿಗೆ ಹಿಡಿದವರಿಗೆ ದೊಡ್ಡ ಉಪಕಾರ. ಆದರೆ ನಲವತ್ತು ವರ್ಷ ಪಾಠ ಹೇಳಿದ ಒಬ್ಬ ಹಿರಿಯರು ಕಿಟಕಿಯ ಬೆಳಕಿಗೆ ಮುಖ ಹಿಡಿದು, ಕನ್ನಡಕ ತೆಗೆದು, ಮೊಬೈಲು ಹೇಳಿದಂತೆ ಕಣ್ಣು ಮಿಟುಕಿಸುತ್ತಿದ್ದುದನ್ನು ನೋಡಿದಾಗ ನನಗೆ ಅಜ್ಜಿಯ ಸ್ಟೂಲು ನೆನಪಾಯಿತು. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಅವರ ಮುಖವನ್ನು ಕ್ಯಾಮೆರಾಗಳು ಇಷ್ಟು ಸಲ ಯಾವ ಕಾಲದಲ್ಲೂ ನೋಡಿರಲಿಲ್ಲ. ನೋಡುವುದು ಪರೀಕ್ಷೆಗೆ. ಹೆಂಗೆ ಕೂರಲಿ, ಏನು ಉಡಲಿ ಅಂತ ಅವರು ಕೇಳುವುದಕ್ಕೆ ಅಲ್ಲಿ ಎಡೆಯಿಲ್ಲ.

ಹಾಗೆ ಕೇಳದಿದ್ದರೂ ತಮ್ಮಂತೆ ತಾವು ಕಾಣಿಸಿಕೊಂಡವರು ಉಂಟು. 2019ರ ಮಾರ್ಚ್ 16ರಂದು ರಾಷ್ಟ್ರಪತಿ ಭವನದಲ್ಲಿ ಸಾಲುಮರದ ತಿಮ್ಮಕ್ಕ ಪದ್ಮಶ್ರೀ ತೆಗೆದುಕೊಂಡ ಗಳಿಗೆಯನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ತಿಳಿಹಸಿರು ಸೀರೆ, ಹಣೆಗೆ ವಿಭೂತಿ. ಕ್ಯಾಮೆರಾ ಕಡೆ ತಿರುಗಿ ಅಂತ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಹೇಳಿದಾಗ, ಆಕೆ ಕೈ ಎತ್ತಿ ಅವರ ಹಣೆ ಮುಟ್ಟಿ ಹರಸಿದರು. ಶಿಷ್ಟಾಚಾರದ ಪುಸ್ತಕದಲ್ಲಿ ಇಲ್ಲದ ಕೆಲಸ. ಪ್ರಶಸ್ತಿ ಪಡೆಯಲು ಹೋದಾಕೆ ಒಂದು ಗಳಿಗೆಯಲ್ಲಿ ಕೊಡುವವರಾಗಿಬಿಟ್ಟರು. ದೇಶ ನೆನಪಿಟ್ಟುಕೊಂಡ ಫೋಟೋ ಅದು. 2025ರ ನವೆಂಬರಿನಲ್ಲಿ ಆಕೆ ತೀರಿಕೊಂಡಾಗ ನಮ್ಮೂರಿನ ಹೆಂಗಸರು ಮಾತಾಡಿದ್ದೂ ಆ ಕೈಯನ್ನೇ. 2021ರ ನವೆಂಬರ್ 8ರಂದು ಅದೇ ರಾಷ್ಟ್ರಪತಿ ಭವನಕ್ಕೆ, ಅದೇ ಪ್ರಶಸ್ತಿ ಪಡೆಯಲು, ಅಂಕೋಲೆಯ ತುಳಸಿ ಗೌಡ ಬರಿಗಾಲಲ್ಲಿ, ಹಾಲಕ್ಕಿಯವರ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಹಾಕಿಕೊಂಡು ನಡೆದುಬಂದರು. ಹರೇಕಳ ಹಾಜಬ್ಬ ಬಿಳಿ ಪಂಚೆಯಲ್ಲಿ, ಅವರೂ ಬರಿಗಾಲಲ್ಲಿ. ಹೊಸ ಬಟ್ಟೆ, ಹೊಸ ಚಪ್ಪಲಿ ಕೊಡಿಸುವವರಿಗೆ ಕೊರತೆಯಿರಲಿಲ್ಲ. ದಿಲ್ಲಿಗೆ ಹೋದರೂ ಊರ ಕಣ್ಣಿಗೆ ಹೇಗಿದ್ದರೋ ಹಾಗೇ ಕಾಣಬೇಕೆಂಬ ಮನಸ್ಸು ಅದು.

ಹೀಗೆ ತಮಗೆ ಬೇಕಾದಂತೆ ಕಾಣುವುದಕ್ಕೆ ದಕ್ಷಿಣ ಕೊರಿಯಾದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ವಯಸ್ಸಾದವರು ತಮ್ಮ ಸಾವಿನ ಕಾರ್ಯಕ್ಕೆ ಇಡಬೇಕಾದ ಫೋಟೋವನ್ನು ಬದುಕಿರುವಾಗಲೇ ತೆಗೆಸಿಕೊಳ್ಳುತ್ತಾರೆ. ಸ್ವಯಂಸೇವಕರು ಹಳ್ಳಿಹಳ್ಳಿಗೆ ಹೋಗಿ ಅವರಿಗೆ ತಲೆ ಬಾಚಿ, ಒಳ್ಳೆಯ ಬಟ್ಟೆ ಉಡಿಸಿ ತೆಗೆಯುತ್ತಾರೆ. ಅದರ ಹೆಸರು ಸಾವಿನ ಫೋಟೋ ಅಂತಲ್ಲ, ‘ಜಾಂಗ್‌ಸು ಸಾಜಿನ್’. ದೀರ್ಘಾಯುಸ್ಸಿನ ಫೋಟೋ ಎಂದರ್ಥ. ನಮ್ಮ ಕಡೆ ಫೋಟೋ ತೆಗೆದರೆ ಆಯುಸ್ಸು ಕಮ್ಮಿ ಅನ್ನುವ ಭಯ ಹಳಬರಲ್ಲಿ ಇನ್ನೂ ಇದೆ. ಹೋದ ವರ್ಷ ನಾನು ಊರಿಗೆ ಹೋದಾಗ ಈ ಕೊರಿಯಾದ ಹೆಸರನ್ನೇ ಹೇಳಿ ಧೈರ್ಯ ತುಂಬಿದೆ. ನಮ್ಮ ಮನೆ ಮುಂದಿನ ಬೇವಿನ ಮರದ ಕೆಳಗೆ ಒಂದು ಕುರ್ಚಿ ಹಾಕಿ, ‘ಆಯುಸ್ಸಿನ ಫೋಟೋ ತೆಗೀತೀನಿ, ಹೆಂಗೆ ಬೇಕೋ ಹಂಗೆ ಬನ್ನಿ’ ಅಂದೆ.

ಎರಡು ದಿನ ಯಾರೂ ಬರಲಿಲ್ಲ. ಮೂರನೇ ದಿನ ಒಬ್ಬರು ಬಂದರು, ಆಮೇಲೆ ಕುರ್ಚಿ ಬಿಡುವಾಗಲಿಲ್ಲ. ಪಿಂಚಣಿಗೆ ಮಾಸಿದ ಪಂಚೆ ಉಟ್ಟು ಹೋಗಿದ್ದ ಯಜಮಾನರು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದು, ಕುರ್ಚಿಯ ಮೇಲೆ ಕಂಬಳಿ ಹಾಸಿ, ಛತ್ರಿಯನ್ನು ಫೋಟೋಕ್ಕೆ ಬೀಳದಂತೆ ಹಿಂದೆ ಇಟ್ಟು ಕೂತರು. ಒಬ್ಬಾಕೆ ತೀರಿಕೊಂಡ ಗಂಡನ ಫೋಟೋ ತಂದು ಮಡಿಲಲ್ಲಿ ಇಟ್ಟುಕೊಂಡರು. ಇಬ್ಬರದೂ ಒಟ್ಟಿಗೆ ತೆಗೆಸಿದ್ದು ಒಂದೂ ಇಲ್ಲವಂತೆ. ಇನ್ನೊಬ್ಬರು ಕುರಿಮರಿ ಎತ್ತಿಕೊಂಡು ಬಂದರು. ಒಬ್ಬ ತಾತನಿಗೆ ಮುಖಕ್ಕಿಂತ ತಾವು ನೆಟ್ಟ ತೆಂಗಿನ ಸಾಲು ಕಾಣುವುದು ಮುಖ್ಯವಾಗಿತ್ತು, ತೋಟಕ್ಕೇ ಕರೆದುಕೊಂಡು ಹೋದರು. ಆ ಫೋಟೋದಲ್ಲಿ ಅವರು ಅಂಗೈಯಷ್ಟೇ ಇದ್ದಾರೆ, ತೆಂಗು ಆಕಾಶದವರೆಗೂ ಇವೆ. ಒಬ್ಬ ಅಜ್ಜಿ ಮಾತ್ರ ಏನು ಮಾಡಿದರೂ ಒಪ್ಪಲಿಲ್ಲ. ಕಾಫಿ ಕೊಟ್ಟು, ‘ನೀನು ಬಂದು ನೋಡ್ಕೊಂಡು ಹೋಗ್ತಿರು ಮಗ, ಆಟೇ ಸಾಕು’ ಅಂದಳು. ಅದೂ ಒಂದು ಬಗೆಯಲ್ಲಿ ಕಾಣುವ ಆಸೆಯೇ, ಬರೀ ಮೊಬೈಲಿನಲ್ಲಿ ತೀರುವಂಥದ್ದಲ್ಲ.

ಎಲ್ಲರನ್ನೂ ಕೂರಿಸಿದ ಮೇಲೆ ನಾನು ಹೇಳುತ್ತಿದ್ದುದು ಒಂದೇ ಮಾತು: ನಿಧಾನಕ್ಕೆ ಸರಿ ಮಾಡ್ಕೊಳ್ಳಿ, ನೀವು ಹೂಂ ಅನ್ನೋವರೆಗೂ ತೆಗೆಯಲ್ಲ. ಒಬ್ಬೊಬ್ಬರು ಐದು ನಿಮಿಷ, ಹತ್ತು ನಿಮಿಷ ತೆಗೆದುಕೊಂಡರು. ಆ ಹೊತ್ತಿನಲ್ಲಿ ಮುಖ ತಾನಾಗಿ ಬದಲಾಗುವುದನ್ನು ನಾನು ಕಣ್ಣಾರೆ ಕಂಡೆ. ಗಾಬರಿ ಇಳಿದು, ಎದುರಿಗಿರುವವರನ್ನು ಮನೆಗೆ ಬಾ ಅಂತ ಕರೆಯುವ ಮುಖ ಬರುತ್ತಿತ್ತು.

ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬ ಹತ್ತಿರವಿತ್ತು. ನಮ್ಮಲ್ಲಿ ಅವತ್ತು ತೀರಿಹೋದವರಿಗೆ ಹೊಸ ಬಟ್ಟೆಯಿಟ್ಟು ಎಡೆ ಇಡುತ್ತಾರೆ. ಯಾರಿಗೆ ಯಾವ ಅಂಚಿನ ಸೀರೆ ಇಷ್ಟ, ಯಾರಿಗೆ ಯಾವ ಬೀಡಿ, ಯಾರಿಗೆ ಖಾರ ಹೆಚ್ಚು ಬೇಕಿತ್ತು, ಒಂದೂ ತಪ್ಪುವುದಿಲ್ಲ. ಹಬ್ಬಕ್ಕೆ ಮುಂಚೆ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಹಂಚಲು ಹೋದೆ. ಎಂಬತ್ತೈದರ ಆಸುಪಾಸಿನ ಒಬ್ಬಾಕೆ, ಹಚ್ಚೆ ಕಾಣಲಿ ಅಂತ ಎರಡೂ ಮುಂಗೈ ಮಂಡಿ ಮೇಲೆ ಇಟ್ಟು ಕೂತಿದ್ದವರು, ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆರಳಿಂದ ಮುಖದ ನೆರಿಗೆಗಳನ್ನು ಒಂದೊಂದಾಗಿ ಮುಟ್ಟಿದರು.

‘ಇದು ನಮ್ಮವ್ವನ ಮಕ ಕಣೇ’ ಅಂದರು. ‘ನಮ್ಮವ್ವಂದು ಒಂದೂ ಫೋಟೋ ಇಲ್ಲ. ನಂಗೆ ಮರ್ತೇ ಹೋಗಿತ್ತು ಅವಳು ಹೆಂಗಿದ್ಲು ಅಂತ.’

ಆಮೇಲೆ ಸೆರಗಿನ ಗಂಟು ಬಿಚ್ಚಿ, ಬೇಡವೆಂದರೂ ನೂರರ ನೋಟೊಂದನ್ನು ನನ್ನ ಕೈಗೆ ತುರುಕಿದರು.

‘ಇನ್ನೊಂದು ಹಾಕ್ಸಿ ತತ್ತಾರವ್ವ. ಒಂದು ನಂದು ಅಂತ ಇರ್ಲಿ. ಇನ್ನೊಂದನ್ನ ಈ ಸಲ ಎಡೇಲಿ ಅವಳದು ಅಂತ ಇಡ್ತೀನಿ.’